ಪ್ರಾರ್ಥನೆಗೆ ಉತ್ತರ ಬರದ ದಿನಗಳಲ್ಲಿ ಏನು ಮಾಡುವುದು?

ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು ನಿಮಗೆ ಗೊತ್ತಲ್ವಾ? ಒಬ್ಬರು ಎದ್ದು ಜ್ವರ ಬಿಟ್ಟಿತು ಅನ್ನುತ್ತಾರೆ. ಇನ್ನೊಬ್ಬರು ಮಗನಿಗೆ ಕೆಲಸ ಸಿಕ್ಕಿತು ಅನ್ನುತ್ತಾರೆ. ಎಲ್ಲರೂ ಸ್ತೋತ್ರ ಅನ್ನುತ್ತಾರೆ. "ವರ್ಷಗಟ್ಟಲೆ ಬೇಡಿಕೊಂಡೆ, ಏನೂ ಆಗಲಿಲ್ಲ, ಈಗ ಬೇಡಿಕೊಳ್ಳೋಕೂ ಮನಸ್ಸಿಲ್ಲ" ಎಂದು ಎದ್ದು ನಿಂತು ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಅಂಥವರು ಬೇಕಾದಷ್ಟು ಜನ ಇದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಲ್ಲಿ ಇದ್ದಾರೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗುವವರಲ್ಲಿ ಇದ್ದಾರೆ. ಗಂಡ ಬೆಂಗಳೂರಿಗೆ ದುಡಿಯಲು ಹೋಗಿ ಫೋನೂ ಮಾಡದ ಮನೆಗಳಲ್ಲಿ ಇದ್ದಾರೆ. ಟೀಚರ್‌ಗಳಲ್ಲಿ, ನರ್ಸ್‌ಗಳಲ್ಲಿ, ಪಾಸ್ಟರ್ ಹೆಂಡತಿಯರಲ್ಲೂ ಇದ್ದಾರೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಈ ಬರಹ ಅವರಿಗೆ. ನಾನು ಹೇಳುವುದು ಇಷ್ಟೇ. ಅನುಮಾನ ಬಂತೆಂದು ದೇವರ ಹತ್ತಿರ ಮಾತು ಬಿಡಬೇಡಿ. ಪ್ರಾರ್ಥನೆ ಮಾಡುತ್ತಿದ್ದೇನೆಂದು ಆಸ್ಪತ್ರೆ, ಠಾಣೆ, ಬ್ಯಾಂಕಿನ ಕೆಲಸವನ್ನೂ ಬಿಡಬೇಡಿ. ಇದನ್ನು ಒಂದೊಂದಾಗಿ ಹೇಗೆ ಮಾಡುವುದು ಅಂತ ನೋಡೋಣ.

ಮೊದಲು ಊಟ, ನಿದ್ದೆ, ರಕ್ತ ಪರೀಕ್ಷೆ

ನಗಬೇಡಿ, ಇದು ಬೈಬಲಿನಲ್ಲೇ ಇರುವ ಕ್ರಮ. ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಎಲೀಯ ಅಷ್ಟು ದೊಡ್ಡ ಪ್ರವಾದಿ. ಆದರೂ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಕೋ" ಅನ್ನುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ, ವಾಕ್ಯ ಓದಿಸಲಿಲ್ಲ. ದೂತ ಬಂದು ಅವನನ್ನು ತಟ್ಟಿ ಎಬ್ಬಿಸಿದ. ಅಲ್ಲಿ ಬಿಸಿ ರೊಟ್ಟಿ ಇತ್ತು, ನೀರು ಇತ್ತು. ತಿಂದು ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿ ಇನ್ನೊಂದು ಸಲ ಉಣ್ಣಿಸಿದ. ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ನಮ್ಮ ಹೆಂಗಸರು ಇದನ್ನು ತಲೆಕೆಳಗು ಮಾಡುತ್ತಾರೆ. ಮನಸ್ಸು ಕುಸಿದಿದ್ದರೆ ಉಪವಾಸ ಕೂಡುತ್ತಾರೆ. ನಿದ್ದೆ ಇಲ್ಲದಿದ್ದರೆ ರಾತ್ರಿ ಪ್ರಾರ್ಥನೆಗೆ ಹೋಗುತ್ತಾರೆ. ಉಪವಾಸ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡು ವಾರದಿಂದ ಸರಿಯಾಗಿ ಉಣ್ಣದವಳು ಉಪವಾಸ ಮಾಡಬೇಕಾಗಿಲ್ಲ. ಅವಳಿಗೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ, ಎಂಟು ತಾಸು ನಿದ್ದೆ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಮಗುವಿಗೆ ಹಾಲು ಕೊಡುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಲೇಬಾರದು.

ಆಮೇಲೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ. ರಕ್ತ ಕಡಿಮೆ ಇದ್ದರೆ ಸುಸ್ತು, ಎದೆ ಹೊಡೆದುಕೊಳ್ಳುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎಲ್ಲಾ ಬರುತ್ತದೆ. ಥೈರಾಯ್ಡ್ ತೊಂದರೆ ಇದ್ದರೂ ಹೀಗೇ. ಬೈಬಲ್ ಹಿಡಿದರೆ ಕಣ್ಣು ಮುಚ್ಚುತ್ತದೆ, ಸೈತಾನ ತಡೆಯುತ್ತಿದ್ದಾನೆ ಎಂದು ಅಂದುಕೊಂಡಿರುತ್ತೇವೆ. ಕಬ್ಬಿಣದ ಮಾತ್ರೆ ಕೊಟ್ಟರೆ ಹೋಗುವ ಸೈತಾನ ಅದು.

ತೊಂದರೆ ಬೇರೆ, ಅನುಮಾನ ಬೇರೆ

ಒಂದು ಹಳೆ ನೋಟ್‌ಬುಕ್ ತೆಗೆದುಕೊಳ್ಳಿ. ಮಕ್ಕಳದ್ದಾದರೂ ಸರಿ. ನಡುವೆ ಗೆರೆ ಎಳೆಯಿರಿ. ಎಡಗಡೆ ಆಗಿರುವ ತೊಂದರೆ ಬರೆಯಿರಿ. ಸಂಘದ ಸಾಲ ಇಷ್ಟು, ಗಂಡನ ಕುಡಿತ, ಮಗಳಿಗೆ ಸಂಬಂಧ ಕೂಡಿಬಂದಿಲ್ಲ, ಗರ್ಭ ನಿಂತಿಲ್ಲ, ಹೀಗೆ. ಬಲಗಡೆ ಅದರಿಂದ ಮನಸ್ಸಿಗೆ ಬಂದ ಪ್ರಶ್ನೆ ಬರೆಯಿರಿ. ದೇವರು ಕೇಳಿಸಿಕೊಳ್ಳುತ್ತಾನಾ? ನಾನು ಮಾಡಿದ ಯಾವುದೋ ತಪ್ಪಿಗೆ ಶಿಕ್ಷೆನಾ? ಇದೆಲ್ಲಾ ನಿಜಾನಾ?

ಹೀಗೆ ಬರೆದರೆ ಒಂದು ವಿಷಯ ಕಾಣುತ್ತದೆ. ಎಷ್ಟೋ ಸಲ ಬಲಗಡೆ ಒಂದೇ ಪ್ರಶ್ನೆ ಇರುತ್ತದೆ, ಎಡಗಡೆ ಹತ್ತು ತೊಂದರೆ ಇರುತ್ತವೆ. ಎಡಗಡೆಯದರಲ್ಲಿ ಒಂದೆರಡು ಹಗುರಾದರೆ ಬಲಗಡೆಯದೂ ಅಷ್ಟು ಚುಚ್ಚುವುದಿಲ್ಲ. ಇನ್ನು ಕೆಲವರಿಗೆ ತೊಂದರೆ ಏನೂ ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ. ಓದುವ ಹುಡುಗಿಯರಲ್ಲಿ ಇದು ಜಾಸ್ತಿ. ಅವರಿಗೆ "ಪ್ರಾರ್ಥನೆ ಮಾಡಮ್ಮ, ಎಲ್ಲಾ ಹೋಗುತ್ತೆ" ಅನ್ನುವುದು ಉತ್ತರವಾಗುವುದಿಲ್ಲ. ಅವರು ಕೇಳಲಿ. ಪಂಡಿತಾ ರಮಾಬಾಯಿಯವರನ್ನು ನೋಡಿ. 1858ರಲ್ಲಿ ನಮ್ಮ ಕರ್ನಾಟಕದ ಮಲೆನಾಡಿನಲ್ಲಿ ಹುಟ್ಟಿದವರು. ಬರಗಾಲದ ದಿನಗಳಲ್ಲಿ ತಂದೆ ತಾಯಿಯನ್ನು ಕಳೆದುಕೊಂಡರು, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ತಮಗೆ ಕಲಿಸುತ್ತಿದ್ದ ಕ್ರೈಸ್ತ ಸಹೋದರಿಯರ ಜೊತೆ ಪತ್ರಗಳಲ್ಲಿ ಗಟ್ಟಿಯಾಗಿ ವಾದ ಮಾಡಿದರು. ಒಪ್ಪದ್ದನ್ನು ಒಪ್ಪಿದೆ ಎಂದು ಹೇಳಲಿಲ್ಲ. ಅದೇ ಹೆಂಗಸು ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಗತಿಯಿಲ್ಲದ ಹೆಣ್ಣುಮಕ್ಕಳಿಗೆ ಮುಕ್ತಿ ಎಂಬ ಆಶ್ರಯ ನಡೆಸಿದರು, ಇಡೀ ಬೈಬಲನ್ನು ಮರಾಠಿಗೆ ತಂದರು. ಪ್ರಶ್ನೆ ಕೇಳುವವಳು ಸಭೆ ಬಿಟ್ಟು ಹೋಗುವವಳೇ ಎಂದು ಹಿರಿಯರು ಗಾಬರಿಯಾಗಬೇಕಿಲ್ಲ.

ದೇವರ ಮುಂದೆ ದೂರು ಇಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಯಾಕಂದರೆ ದೇವರ ಹತ್ತಿರ ಒಳ್ಳೆ ಮಾತೇ ಆಡಬೇಕು ಎಂದು ನಮಗೆ ಅಭ್ಯಾಸವಾಗಿದೆ. ಆದರೆ ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಗೋಳು, ದೂರುಗಳೇ. 13ನೇ ಕೀರ್ತನೆ ಓದಿ. ಬರೀ ಆರು ವಚನ. "ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ?" ಎಂದು ಕೀರ್ತನೆ ಹಾಡಿದವನು ದೇವರನ್ನು ನೇರ ಕೇಳಿಬಿಡುತ್ತಾನೆ. ಅದನ್ನೇ ದಾರಿ ಮಾಡಿಕೊಳ್ಳಿ.

ಬಾಗಿಲು ಹಾಕಿಕೊಳ್ಳಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ಮಾಳಿಗೆ ಮೇಲೆ ಹೋಗಿ, ಇಲ್ಲವೇ ಬಟ್ಟೆ ಒಗೆಯುವಾಗ ಮಾತಾಡಿ. ಮೊದಲು ದೇವರನ್ನು ಕರೆಯಿರಿ. ಆಮೇಲೆ ಏನಾಗಿದೆ ಅದನ್ನು ಹೇಳಿ, ಸಭೆಯ ಭಾಷೆಯಲ್ಲಿ ಬೇಡ, ತವರುಮನೆಯಲ್ಲಿ ಅವ್ವನ ಹತ್ತಿರ ಹೇಳಿದ ಹಾಗೆ. "ಯಪ್ಪಾ, ನೀನು ನೋಡ್ಕೋತ ಸುಮ್ನೆ ಕೂತೀಯಲ್ಲ" ಅನ್ನಬೇಕೆನಿಸಿದರೆ ಅನ್ನಿ. ಮೂರನೆಯದಾಗಿ ಏನು ಬೇಕು ಅನ್ನುವುದನ್ನು ಬಿಡಿಸಿ ಕೇಳಿ. "ನಿನ್ನ ಚಿತ್ತ" ಎಂದು ಬೇಗ ಮುಗಿಸಿಬಿಡಬೇಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಮೊದಲು ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು ಕೇಳಿದ, ಆಮೇಲೆ ನಿನ್ನ ಚಿತ್ತ ಎಂದ. ಕೊನೆಗೆ ನಂಬಿಕೆಯ ಒಂದು ಮಾತು ಬಂದರೆ ಹೇಳಿ. ಬರದಿದ್ದರೆ ಬಿಡಿ. 88ನೇ ಕೀರ್ತನೆ ಹಾಗೇ ನಿಲ್ಲುತ್ತದೆ, ಕೊನೆಯ ವಚನದಲ್ಲೂ ಕತ್ತಲೆಯೇ. ಅದನ್ನು ಯಾರೂ ಬೈಬಲಿನಿಂದ ಕಿತ್ತುಹಾಕಲಿಲ್ಲ.

ಮಾತು ಹೊರಡದಿದ್ದರೆ ಹನ್ನಳ ಹಾಗೆ ಮಾಡಿ. ಒಂದನೇ ಸಮುವೇಲ, ಮೊದಲನೇ ಅಧ್ಯಾಯ. ಮಕ್ಕಳಿಲ್ಲ ಎಂದು ಸವತಿ ಕೆಣಕುತ್ತಾಳೆ, ಇವಳಿಗೆ ಊಟ ಸೇರುವುದಿಲ್ಲ. ದೇವರ ಮುಂದೆ ತುಟಿ ಅಲುಗುತ್ತದೆ, ದನಿ ಇಲ್ಲ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಬೈಯುತ್ತಾನೆ. ಅವಳು ತಲೆತಗ್ಗಿಸಿ ಎದ್ದು ಹೋಗಲಿಲ್ಲ. ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನಸ್ಸಿನ ಸಂಕಟ ಸುರಿದುಕೊಳ್ಳುತ್ತಿದ್ದೇನೆ ಎಂದು ಎದುರಿಗೇ ಹೇಳಿದಳು. ಏಲಿ ಆಗ ಮಾತು ಬದಲಿಸಿ ಸಮಾಧಾನದಿಂದ ಹೋಗು ಎಂದ. ನಮ್ಮ ಪಾಸ್ಟರ್‌ಗಳು, ಫಾದರ್‌ಗಳು ಈ ಏಲಿಯಷ್ಟಾದರೂ ಮಾಡಿದರೆ ಸಾಕು.

ಓದು ಬರದಿದ್ದರೆ ಏನೂ ತೊಂದರೆ ಇಲ್ಲ. ಕನ್ನಡ ಬೈಬಲನ್ನು ಓದಿ ಕೇಳಿಸುವ ಆಪ್‌ಗಳು ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಮಗಳಿಗೆ ಹೇಳಿ ಹಾಕಿಸಿಕೊಳ್ಳಿ. ಅಂದಹಾಗೆ ಕನ್ನಡ ಬೈಬಲಿಗೂ ಬಳ್ಳಾರಿಗೂ ಹಳೆಯ ನಂಟು. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ. ಅಷ್ಟು ವರ್ಷ ತಾಳ್ಮೆಯಿಂದ ತಂದ ಪುಸ್ತಕವನ್ನು ಒಂದು ವಚನ ಚೀಟಿ ಎತ್ತುವ ಹಾಗೆ ಬಳಸುವುದು ನನಗಂತೂ ಸರಿ ಕಾಣುವುದಿಲ್ಲ. ಕಣ್ಣು ಮುಚ್ಚಿ ಪುಟ ತೆಗೆದು, ಬೆರಳಿಟ್ಟಲ್ಲಿ ಬಂದದ್ದನ್ನು ಇವತ್ತಿನ ಉತ್ತರ ಅಂದುಕೊಳ್ಳಬೇಡಿ. ಅನುಮಾನ ಇರುವ ಮನಸ್ಸಿಗೆ ಬೆರಳು ಶಾಪದ ವಚನದ ಮೇಲೆ ಬಿದ್ದರೆ ಆ ದಿನ ಪೂರ್ತಿ ಹಾಳು.

"ನಿನ್ನ ನಂಬಿಕೆ ಕಡಿಮೆ" ಅಂದವರಿಗೆ

ಈ ಮಾತು ಯಾರಾದರೂ ಹೇಳಿಯೇ ಹೇಳುತ್ತಾರೆ. ಜೊತೆಗೆ ಮನೆಯಲ್ಲಿ ಪಾಪ ಇದೆ, ಯಾರೋ ಮಾಡಿಸಿದ್ದಾರೆ, ದಶಮಾಂಶ (ದುಡಿಮೆಯಲ್ಲಿ ಹತ್ತರಲ್ಲೊಂದು ಪಾಲಿನ ಕಾಣಿಕೆ) ಬಾಕಿ ಇದೆ ಅನ್ನುವುದೂ ಸೇರುತ್ತದೆ. ವಾದ ಬೇಡ. ಆದರೆ ನಿಮ್ಮ ಮನಸ್ಸಿನಲ್ಲಿ ಬೈಬಲಿನ ಮೂರು ಜಾಗ ಗಟ್ಟಿಯಾಗಿರಲಿ.

ಹುಟ್ಟುಕುರುಡನನ್ನು ನೋಡಿ ಪಾಪ ಮಾಡಿದವರು ಇವನಾ, ಇವನ ಅಪ್ಪ ಅವ್ವನಾ ಎಂದು ಶಿಷ್ಯರು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದ ಯೇಸು. ಯೋಹಾನ 9ರಲ್ಲಿದೆ. ಇದ್ದದ್ದೆಲ್ಲಾ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು, ಅಲ್ಲಿಯವರೆಗೆ ಚೆನ್ನಾಗಿತ್ತು. ಬಾಯಿ ತೆರೆದು ನಿನ್ನ ಪಾಪದಿಂದಲೇ ಹೀಗಾಯಿತು ಎಂದು ಶುರು ಮಾಡಿದರು ನೋಡಿ, ಪುಸ್ತಕದ ಕೊನೆಯಲ್ಲಿ ದೇವರ ಸಿಟ್ಟು ಅವರ ಮೇಲೆ ಬಂತು. ಇನ್ನು ಮಾರ್ಕ 9. ಕಾಯಿಲೆಯ ಮಗನನ್ನು ಕರೆತಂದ ಅಪ್ಪ ನಂಬುತ್ತೇನೆ ಅಂದ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂದ. ಯೇಸು ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಮಗನನ್ನು ವಾಸಿ ಮಾಡಿದ.

ಇಷ್ಟಾದ ಮೇಲೂ ಒಬ್ಬರು ಪ್ರಾರ್ಥನೆಗೆ ಇಷ್ಟು ಕಾಣಿಕೆ, ಎಣ್ಣೆ ಬಾಟಲಿಗೆ ಇಷ್ಟು ಎಂದು ದುಡ್ಡು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮಾತ್ರೆ ನಿಲ್ಲಿಸು, ನಿಲ್ಲಿಸಿದರೇ ನಂಬಿಕೆ ಅನ್ನುವವರಿದ್ದರೆ ಇನ್ನೂ ಬೇಗ ಎದ್ದು ಬನ್ನಿ. ಸುವಾರ್ತೆ ಬರೆದ ಲೂಕನೇ ವೈದ್ಯ. ಫಿಟ್ಸ್, ಸಕ್ಕರೆ ಕಾಯಿಲೆ, ಬಿಪಿ, ಮನಸ್ಸಿನ ಕಾಯಿಲೆ ಇವುಗಳ ಮಾತ್ರೆ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಒಬ್ಬರ ಹತ್ತಿರ ಹೇಳಿಕೊಳ್ಳಿ

ಒಬ್ಬರು ಸಾಕು. ಆದರೆ ಆ ಒಬ್ಬರನ್ನು ನೋಡಿ ಆರಿಸಿ. ಬೇರೆಯವರ ಮನೆಯ ಗುಟ್ಟು ನಿಮ್ಮ ಹತ್ತಿರ ಹೇಳುವವಳು ನಿಮ್ಮದನ್ನೂ ಇನ್ನೊಬ್ಬರ ಹತ್ತಿರ ಹೇಳುತ್ತಾಳೆ. ತನಗೂ ಕಷ್ಟ ಬಂದಿತ್ತು ಎಂದು ನಾಚದೆ ಹೇಳುವ ಹಿರಿಯ ಹೆಂಗಸು ಸಿಕ್ಕರೆ ಬಿಡಬೇಡಿ. ಗಂಡಸರಾದ ಪಾಸ್ಟರ್‌ಗಳ ಹತ್ತಿರ ಮಾತಾಡುವುದಾದರೆ ಅವರ ಹೆಂಡತಿ ಇರುವಾಗ, ಬಾಗಿಲು ತೆರೆದಿರುವಾಗ ಮಾತಾಡಿ.

ಶುರುವಿನಲ್ಲೇ ಒಂದು ಮಾತು ಹೇಳಿ: "ಅಕ್ಕಾ, ಇದು ಪ್ರಾರ್ಥನೆ ವಿಷಯ ಅಂತ ಗ್ರೂಪಿಗೆ ಹಾಕಬೇಡಿ." ವಾಟ್ಸಾಪ್ ಗ್ರೂಪಿನಲ್ಲಿ "ಒಬ್ಬ ಸಹೋದರಿಯ ಸಂಸಾರಕ್ಕಾಗಿ ಪ್ರಾರ್ಥಿಸಿ" ಎಂದು ಬಂದರೆ ಅರ್ಧ ತಾಸಿನಲ್ಲಿ ಊರಿಗೆಲ್ಲಾ ಆ ಸಹೋದರಿ ಯಾರು ಅಂತ ಗೊತ್ತಾಗುತ್ತದೆ.

ಕೇಳಿಸಿಕೊಳ್ಳುವವರು ಬೈಬಲಿನ ರೂತಳ ಪುಸ್ತಕದಲ್ಲಿ ಬರುವ ನೊವೊಮಿಯನ್ನು ನೆನಪಿಟ್ಟುಕೊಳ್ಳಿ. ಗಂಡ, ಇಬ್ಬರು ಗಂಡುಮಕ್ಕಳು ಹೋದ ಮೇಲೆ ಬೇತ್ಲೆಹೇಮಿಗೆ ಬಂದು, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ (ಅಂದರೆ ಕಹಿ) ಅನ್ನಿ, ಸರ್ವಶಕ್ತನು ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ಊರವರ ಮುಂದೆ ಹೇಳಿದಳು. ಸೊಸೆ ರೂತಳು ಪಕ್ಕದಲ್ಲೇ ಇದ್ದಳು. ಅತ್ತೆಗೆ ಉಪದೇಶ ಮಾಡಲಿಲ್ಲ. ಹೊಲಕ್ಕೆ ಹೋಗಿ ತೆನೆ ಆರಿಸಿ ತಂದಳು.

ಕೈಯಿಂದ ಆಗುವ ಕೆಲಸ

ನೋಟ್‌ಬುಕ್ಕಿನ ಎಡಗಡೆಗೆ ಬನ್ನಿ.

ಸಾಲ. ವಾರದ ಕಂತಿನವರು ಮನೆ ಮುಂದೆ ಕೂತು ಬೈಯುವುದು, ಹೆದರಿಸುವುದು ಇವತ್ತು ಅಪರಾಧ. 2025ರಲ್ಲಿ ಇದಕ್ಕೆಂದೇ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಎಲ್ಲಾ ಸಾಲದ ಪಟ್ಟಿ ಮಾಡಿ: ಯಾರದು, ಎಷ್ಟು, ಬಡ್ಡಿ ಎಷ್ಟು. ಕಾಟ ಕೊಟ್ಟವರ ದಿನ, ಹೊತ್ತು ಬರೆದಿಡಿ. ಅದನ್ನು ಹಿಡಿದು ಠಾಣೆಗೆ ಹೋಗಿ. ಒಬ್ಬಳೇ ಹೋಗಬೇಡಿ, ಸಂಘದ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ. ಒಂದು ಸಾಲ ತೀರಿಸಲು ಇನ್ನೊಂದು ಸಂಘ ಸೇರುವುದನ್ನು ಮೊದಲು ನಿಲ್ಲಿಸಿ.

ಹೊಡೆತ. ಇದರ ಬಗ್ಗೆ ನಾನು ಮೆತ್ತಗೆ ಹೇಳುವುದಿಲ್ಲ. ಗಂಡ ಹೊಡೆದರೆ ಸಹಿಸಿಕೊಂಡು ಪ್ರಾರ್ಥನೆ ಮಾಡು, ಅದೇ ಶಿಲುಬೆ ಹೊರುವುದು ಎಂದು ಹೇಳುವವರು ವಾಕ್ಯವನ್ನು ಅರ್ಧ ಓದಿದ್ದಾರೆ. ಎಫೆಸ 5ರಲ್ಲಿ ಗಂಡನಿಗೆ ಅಧೀನಳಾಗಿರು ಎಂದು ಹೆಂಡತಿಗೆ ಹೇಳಿದ್ದರ ಪಕ್ಕದಲ್ಲೇ ಗಂಡನಿಗೂ ಹೇಳಿದೆ. ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸು ಎಂದು. ಜೀವಕ್ಕೆ ಅಪಾಯ ಅನಿಸಿದರೆ 112. ಮಾತಾಡಿ ದಾರಿ ಕೇಳಬೇಕಾದರೆ 181, ಅದು ಹೆಂಗಸರಿಗೆಂದೇ ಇರುವ ಸಹಾಯವಾಣಿ. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇರುತ್ತದೆ. ಅಲ್ಲಿ ಕೆಲವು ದಿನ ಉಳಿಯಲು ಜಾಗ, ವಕೀಲರು, ಡಾಕ್ಟರು, ಪೊಲೀಸು ಎಲ್ಲಾ ಒಂದೇ ಕಡೆ ಸಿಗುವ ವ್ಯವಸ್ಥೆ. ತಾಲೂಕಿನಲ್ಲಾದರೆ ಅಂಗನವಾಡಿ ಟೀಚರ್ ಹತ್ತಿರ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಎಲ್ಲಿ ಸಿಗುತ್ತಾರೆ ಎಂದು ಕೇಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ದೂರು ತೆಗೆದುಕೊಳ್ಳುವ ಅಧಿಕಾರಿ ಅವರೇ. ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಅದರ ನಂಬರ್ 15100. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರ ಇವುಗಳ ನಕಲು ನಂಬಿಕೆಯ ಗೆಳತಿಯ ಮನೆಯಲ್ಲಿಡಿ. ಕ್ಷಮಿಸಬೇಕಾ ಅನ್ನುವ ಪ್ರಶ್ನೆ ಆಮೇಲೆ ಬರಲಿ, ಸುರಕ್ಷಿತ ಜಾಗದಲ್ಲಿ ಕೂತು ಯೋಚಿಸಬಹುದು.

ಮನಸ್ಸಿನ ಕಾಯಿಲೆ. ಎರಡು ವಾರ ದಾಟಿದರೂ ಅಳು ನಿಲ್ಲುತ್ತಿಲ್ಲ, ನಿದ್ದೆ ಇಲ್ಲ, ಸಾಯಬೇಕು ಅನಿಸುತ್ತದೆ, ಹೆರಿಗೆಯಾದ ಮೇಲೆ ಮಗುವಿನ ಮುಖ ನೋಡಲೂ ಮನಸ್ಸಿಲ್ಲ ಅಂದರೆ ಅದು ಚಿಕಿತ್ಸೆ ಇರುವ ಕಾಯಿಲೆ, ನಂಬಿಕೆಯ ಕೊರತೆಯ ಗುರುತು ಅಂತ ನೋಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಾನಸಿಕ ರೋಗದ ವಿಭಾಗಕ್ಕೆ ಒಪಿಡಿ ಚೀಟಿ ಮಾಡಿಸಿಕೊಂಡು ಹೋಗಬಹುದು. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕದ ಮನೆಯವರನ್ನು ಎಬ್ಬಿಸಿ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವರ ಕೈಗೆ ಕೊಟ್ಟು ಹೊರಗೆ ಕಳಿಸಿ, 14416ಕ್ಕೆ ಫೋನು ಮಾಡಿ.

ದಿನಕ್ಕೆ ಸ್ವಲ್ಪ

ದೊಡ್ಡ ಹರಕೆ ಹೊರಬೇಡಿ. ಮಾರ್ಕನ ಸುವಾರ್ತೆ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಕೇಳಿ ಅಥವಾ ಓದಿ. ಐದನೇ ಅಧ್ಯಾಯಕ್ಕೆ ಬಂದಾಗ ನಿಧಾನ ಮಾಡಿ. ಹನ್ನೆರಡು ವರ್ಷ ರಕ್ತ ಹೋಗುತ್ತಿದ್ದ ಹೆಂಗಸು, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದವಳು, ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಎದುರು ನಿಂತು ಕೇಳುವ ಧೈರ್ಯವೂ ಅವಳಿಗಿರಲಿಲ್ಲ. ಅವನು ಅವಳನ್ನು "ಮಗಳೇ" ಅಂದ.

ಮನೆಯಲ್ಲಿ ನೀವೊಬ್ಬರೇ ನಂಬುವವರಾದರೆ ಗದ್ದಲ ಬೇಡ. ಹಾಲಿನ ಪಾಕೀಟು ತರಲು ಹೋಗುವ ಹತ್ತು ನಿಮಿಷ ನಿಮ್ಮದೇ, ಅದನ್ನು ಪ್ರಾರ್ಥನೆಗೆ ಇಟ್ಟುಕೊಳ್ಳಿ. ಅತ್ತೆಯ ಕೆಲಸ ಬಿಟ್ಟು ಕೂಟಕ್ಕೆ ಓಡಿದರೆ ಜಗಳ ಜಾಸ್ತಿಯಾಗುತ್ತದೆಯೇ ಹೊರತು ನಂಬಿಕೆ ಜಾಸ್ತಿಯಾಗುವುದಿಲ್ಲ.

ಏನೂ ಅನಿಸದಿದ್ದರೂ ಇದನ್ನು ಮುಂದುವರಿಸಬಹುದು. ಮದರ್ ತೆರೆಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಹೊರಗೆ ಬಂದವು. ದಶಕಗಟ್ಟಲೆ ದೇವರು ಹತ್ತಿರ ಇದ್ದಾನೆ ಎಂದು ಅನಿಸಿಯೇ ಇರಲಿಲ್ಲ ಎಂದು ಅವರೇ ಬರೆದಿದ್ದರು. ಅಷ್ಟೂ ವರ್ಷ ಬೆಳಿಗ್ಗೆ ಎದ್ದು ಪೂಜೆಗೆ ಹೋಗಿದ್ದರು, ರೋಗಿಗಳ ಗಾಯ ತೊಳೆದಿದ್ದರು.

ಸಭೆಗೆ ಮತ್ತೆ ಹೋಗುವಾಗ

ಕೆಲವು ವಾರ ಬಿಟ್ಟಿದ್ದರೆ ಕಾಲು ಎಳೆಯುತ್ತದೆ. ಎಲ್ಲಿ ಹೋಗಿದ್ದೆ ಎಂದು ಕೇಳುತ್ತಾರೆ. "ಮೈ ಹುಷಾರಿರಲಿಲ್ಲ" ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಹಿಂದೆ, ಬಾಗಿಲ ಪಕ್ಕ ಕೂತುಕೊಳ್ಳಿ. ಹಾಡಲು ಆಗದಿದ್ದರೆ ಬೇರೆಯವರು ಹಾಡುವುದನ್ನು ಕೇಳಿ. ಹಳೆ ಸಭೆಯಲ್ಲಿ ನೋವಾಗಿದ್ದರೆ ಬೇರೆ ಸಭೆಗೆ ಹೋಗುವುದರಲ್ಲಿ ತಪ್ಪಿಲ್ಲ. ಸಿಎಸ್‌ಐ, ಮೆಥಡಿಸ್ಟ್, ಕಥೋಲಿಕ, ಪೆಂತೆಕೋಸ್ತ ಎಂದು ನಮ್ಮ ಕಡೆ ಬೇಕಾದಷ್ಟು ಇವೆ. ಆದರೆ ತಿಂಗಳಿಗೊಂದು ಬದಲಿಸುತ್ತಾ ಹೋದರೆ ಕಷ್ಟಕ್ಕೆ ಆಗುವ ಜನ ಎಲ್ಲೂ ಸಿಗುವುದಿಲ್ಲ.

ಇನ್ನು ಸಭೆಯಲ್ಲಿ ಗಟ್ಟಿಯಾಗಿ ನಿಂತಿರುವ ಅಕ್ಕಂದಿರಿಗೆ. ಒಬ್ಬಳು ಎರಡು ಭಾನುವಾರ ಕಾಣದಿದ್ದರೆ ಅವಳ ಮನೆಗೆ ಹೋಗಿ. ಬೈಬಲ್ ಚೀಲದಲ್ಲೇ ಇರಲಿ, ಅವಳು ಕೇಳಿದರೆ ತೆಗೆಯಿರಿ. ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಅವಳ ಸರದಿ ಬರುವ ತನಕ ಮಗುವನ್ನು ಎತ್ತಿಕೊಳ್ಳಿ. ಠಾಣೆಗೆ ಹೋಗುವುದಾದರೆ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತುಕೊಳ್ಳಿ. ಮಹಿಳಾ ಕೂಟದಲ್ಲಿ ತಿಂಗಳಿಗೊಮ್ಮೆ ಸಾಕ್ಷಿಯ ಹೊತ್ತಿನಲ್ಲಿ, ಇನ್ನೂ ಉತ್ತರ ಸಿಗದವರು ಮಾತ್ರ ಮಾತಾಡಲಿ ಎಂದು ಹೇಳಿ ನೋಡಿ. ಯಾರಾದರೂ ಹೇಳಿದರೆ "ಸ್ತೋತ್ರ" ಎಂದು ಕೂಗುವ ಆತುರ ಬೇಡ, ಉಪದೇಶವೂ ಬೇಡ. ಅವಳ ಹೆಸರು ಹೇಳಿ 13ನೇ ಕೀರ್ತನೆಯನ್ನು ಎಲ್ಲರೂ ಒಟ್ಟಿಗೆ ಓದಿ, ಆಮೇಲೆ ಚಹಾ ಕೊಡಿ.